ಖಾಲಿ ಗಾಡಾ ಹಗುರಾಗುವ ಬಗೆ

ಸುಗ್ಗಿ ಮುಗಿದು ಯರಿ, ಅಂದರೆ ಕಪ್ಪು ಮಣ್ಣಿನ ಹೊಲಗಳು ಬಯಲಾದವು ಅಂದರೆ ಅಣ್ಣಿಗೇರಿ, ನವಲಗುಂದ, ಕುಂದಗೋಳ ಕಡೆಯ ಜಾತ್ರೆಗಳ ಹ್ಯಾಂಡ್‌ಬಿಲ್ಲುಗಳಲ್ಲಿ ಒಂದು ಸಾಲು ಕಾಣಿಸಿಕೊಳ್ಳುತ್ತದೆ: ಖಾಲಿ ಗಾಡಾ ಓಡಿಸುವ ಶರ್ಯತ್ತು. ಒಂದು ಜೋಡಿ ಎತ್ತು, ಒಂದು ಖಾಲಿ ಚಕ್ಕಡಿ, ಒಬ್ಬ ಹೊಡೆಯುವವ, ಒಂದು ನಿಮಿಷ. ಮೊದಲ ಸೀಟಿಗೆ ಎತ್ತು ಬಿಡುತ್ತಾರೆ. ನಿಮಿಷ ತುಂಬಿದಾಗ ಗಾಡಾ ಎಲ್ಲಿತ್ತೋ ಅಲ್ಲಿಗೆ ಗುರುತು ಹಾಕಿ ಟೇಪು ಹಿಡಿಯುತ್ತಾರೆ. ಇಷ್ಟು ಫೂಟು, ಇಷ್ಟು ಇಂಚು ಎಂದು ಮೈಕಿನಲ್ಲಿ ಕೂಗುತ್ತಾರೆ. ಇಂಚಿನ ಮಾತು ಬಂದಾಗ ನಕ್ಕವರು ಎರಡನೆಯ ಬಹುಮಾನ ತೆಗೆದುಕೊಂಡ ಮನೆಯವರನ್ನು ಒಮ್ಮೆ ಕೇಳಿ ನೋಡಬೇಕು.

ಅಮೆರಿಕದಲ್ಲಿ ಕಾರುಗಳ ಡ್ರ್ಯಾಗ್ ರೇಸ್ ಅಂತ ಒಂದಿದೆ. ಅಲ್ಲಿಯೂ ತಿರುವಿಲ್ಲ, ಸುತ್ತಿಲ್ಲ. ನಿಂತಲ್ಲಿಂದ ಹೊರಟು ನೆಟ್ಟಗೆ ಓಡುವುದಷ್ಟೇ. ಅವರು ದೂರವನ್ನು ಕಾಲು ಮೈಲಿಗೆ, ಅಂದರೆ 1320 ಅಡಿಗೆ ನಿಲ್ಲಿಸಿ ಸಮಯ ಅಳೆಯುತ್ತಾರೆ. ನಾವು ಸಮಯವನ್ನು ಒಂದು ನಿಮಿಷಕ್ಕೆ ನಿಲ್ಲಿಸಿ ದೂರ ಅಳೆಯುತ್ತೇವೆ. ಮಿಕ್ಕ ತಲೆಬೇನೆಯೆಲ್ಲ ಒಂದೇ. ಶಕ್ತಿ ಹೆಚ್ಚಿಸುವುದು ಕಷ್ಟ, ದುಬಾರಿ. ಹಾಗಾಗಿ ತೂಕ ಇಳಿಸು. 1960ರ ದಶಕದ ಡ್ರ್ಯಾಗ್ ಕಾರು ಕಟ್ಟುವವರಿಗೂ ನಮ್ಮ ಬಡಿಗೇರ, ಕಂಬಾರರಿಗೂ ಈ ಒಂದು ವಿಷಯದಲ್ಲಿ ಮಾತು ಕೂಡುತ್ತದೆ.

ಈ ಲೇಖನ ಅಜ್ಜನ ಕಾಲದ ಕಟ್ಟಿಗೆ ಚಕ್ಕಡಿ ಇನ್ನೂ ಹಿತ್ತಲಲ್ಲಿ ಇಟ್ಟುಕೊಂಡವರಿಗಾಗಿ. ಶರ್ಯತ್ತಿಗೆಂದೇ ಹೊಸ ಗಾಡಾ ಕಟ್ಟಿಸುವವರಿದ್ದಾರೆ, ಅವರ ದಾರಿ ಬೇರೆ. ಹಳೆಯ ಚಕ್ಕಡಿಯನ್ನು ಓಟಕ್ಕೆ ಹಗುರ ಮಾಡುವುದು ಹೇಗೆ, ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಿದರೆ ಕೈ ಮುರಿಯುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ. ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಎಷ್ಟು ಕಿಲೋ ತೆಗೆದಿರಿ ಅನ್ನುವುದಕ್ಕಿಂತ ಎಲ್ಲಿಂದ ತೆಗೆದಿರಿ ಅನ್ನುವುದು ದೊಡ್ಡದು.

ಮೊದಲು ಕಾಟಾ ಹಿಡಿಯಿರಿ. ಹತ್ತಿ, ಮೆಣಸಿನಕಾಯಿ ತೂಗುವ ಕೊಕ್ಕೆಯ ಡಿಜಿಟಲ್ ಕಾಟಾ ಈಗ ಊರಿಗೆ ನಾಲ್ಕಾರು ಸಿಗುತ್ತವೆ. ಗಾಲಿ ಬಿಚ್ಚಿ ಒಂದೊಂದನ್ನೇ ತೂಗಿ. ಅಚ್ಚು ಬೇರೆ, ನೊಗ ಬೇರೆ, ತಳದ ಹಲಗೆ ಬೇರೆ, ಪಕ್ಕದ ಗೂಟ ಬೇರೆ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದಿಡಿ. ಮಾಲು ಹೇರುವ ಹಳೆಯ ಚಕ್ಕಡಿ ಎರಡೂವರೆಯಿಂದ ಮೂರು ಕ್ವಿಂಟಲ್‌ವರೆಗೂ ಬರಬಹುದು. ‘ಚಲೋ ಹಗುರ ಮಾಡೀನಿ’ ಅನ್ನುವವರು ಬಹಳ ಮಂದಿ. ಎಷ್ಟಿತ್ತು, ಎಷ್ಟಾಯಿತು ಅಂತ ಕೇಳಿದರೆ ಕೈಯಲ್ಲಿ ಎತ್ತಿ ತೋರಿಸುತ್ತಾರೆ. ಕೈ ಅಂದಾಜು ಎಮ್ಮೆ ವ್ಯಾಪಾರಕ್ಕೆ ಸಾಕು, ಇಂಚಿನ ಶರ್ಯತ್ತಿಗೆ ಸಾಲದು.

ಲೆಕ್ಕಕ್ಕೆ ಒಂದು ಚಕ್ಕಡಿ ಇಟ್ಟುಕೊಳ್ಳೋಣ. ಚಕ್ಕಡಿ 280 ಕಿಲೋ, ಹೊಡೆಯುವವ 60, ತಲಾ 400 ಕಿಲೋದ ಎರಡು ಖಿಲಾರಿ ಎತ್ತು. ಒಟ್ಟು 1140 ಕಿಲೋ. ನಿಮಿಷಕ್ಕೆ 2000 ಅಡಿ ಓಡಿದರೆ ಸರಾಸರಿ ಗಂಟೆಗೆ 36 ಕಿಲೋಮೀಟರ್ ದಾಟಿತು, ಸೆಕೆಂಡಿಗೆ ಹತ್ತು ಮೀಟರ್. ಇಲ್ಲಿ ಒಂದು ಕಹಿ ಸತ್ಯ ಕಾಣುತ್ತದೆ. ಓಡುವ ತೂಕದಲ್ಲಿ ಹೆಚ್ಚಿನ ಪಾಲು ಎತ್ತುಗಳದೇ, ಚಕ್ಕಡಿಯದು ಕಾಲು ಭಾಗ. ಹಾಗಾಗಿ ಚಕ್ಕಡಿ ಎಷ್ಟು ಕೊರೆದರೂ ಜೋಡಿ ಚಲೋ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಜೋಡಿ ಸಮಸಮ ಇದ್ದಾಗ ಮಾತ್ರ ಈ ಕೆಲಸಕ್ಕೆ ಬೆಲೆ.

ಎಲ್ಲಕ್ಕಿಂತ ಸಸಾರದ ಹತ್ತು ಕಿಲೋ ಎಲ್ಲಿದೆ ಅಂದರೆ ಹೊಡೆಯುವವನ ಮೈಯಲ್ಲಿ. ಎಪ್ಪತ್ತು ಕಿಲೋದ ಮಾಲೀಕರು ತಾವೇ ನಿಂತು ಹೊಡೆಯಬೇಕೆಂಬ ಹಟಕ್ಕೆ ಬಿದ್ದು, ಅಜ್ಜನ ಚಕ್ಕಡಿಯ ತೊಲೆ ಕೆತ್ತಿಸುವುದನ್ನು ನೋಡಿದರೆ ನಗು ಬರುತ್ತದೆ. ಅರವತ್ತರ ಒಳಗಿನ, ಪಳಗಿದ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಉಳಿಗೆ ಅರ್ಧ ಕೆಲಸ ಕಡಿಮೆ. ಆದರೆ ಹದಿನೆಂಟು ತುಂಬಿದವನಿರಲಿ. ಹಗುರ ಇದ್ದಾನೆಂದು ಶಾಲೆಯ ಹುಡುಗನನ್ನು ಹತ್ತಿಸುವುದು ಬೇಡ.

ಆಮೇಲೆ ಬಿಚ್ಚಿದರೆ ಬರುವಂಥವು. ಪಕ್ಕದ ಗೂಟಗಳು, ಹಿಂದಿನ ಅಡ್ಡಪಟ್ಟಿ, ಮೇವು ಕಟ್ಟುವ ಕೊಂಡಿಗಳು, ಕೆಳಗೆ ತೂಗುವ ಜಾಳಿಗೆ, ಸರಪಳಿ. ತಳದ ಹಲಗೆಗಳಲ್ಲಿ ಹೊಡೆಯುವವ ನಿಲ್ಲುವಷ್ಟನ್ನು ಬಿಟ್ಟು ಉಳಿದವು. ಎತ್ತಿನ ಮೈಮೇಲಿನ ಜೂಲ, ಗಂಟೆಸರ, ಕೊಂಬಿನ ಕೋಡಣಸು ಮೆರವಣಿಗೆಗೆ ಇರಲಿ, ಸೀಟಿಗೆ ಮುಂಚೆ ಇಳಿಸಿ. ಇಷ್ಟರಿಂದಲೇ ಅರ್ಧ ಕ್ವಿಂಟಲ್ ಮೀರುವುದುಂಟು. ಇದರಲ್ಲಿ ಜಾಣತನವೇನೂ ಬೇಕಿಲ್ಲ, ಹಾಗಾಗಿ ಮುಂದೆ ಹೋಗೋಣ.

ಜಾಣತನ ಬೇಕಾದದ್ದು ಗಾಲಿಯಲ್ಲಿ. ಚಕ್ಕಡಿಯ ಮೈಮೇಲಿನ ಒಂದು ಕಿಲೋ ಮುಂದಕ್ಕೆ ಮಾತ್ರ ಹೋಗುತ್ತದೆ. ಗಾಲಿಯ ಅಂಚಿನ ಒಂದು ಕಿಲೋ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಎತ್ತು ಎರಡು ಸಲ ದುಡಿಯಬೇಕು. ಲೆಕ್ಕ ಹಾಕಿದರೆ ಅಂಚಿನಲ್ಲಿರುವ ಒಂದು ಕಿಲೋವನ್ನು ನಿಂತಲ್ಲಿಂದ ಓಟಕ್ಕೆ ತರಲು ಹಿಡಿಯುವ ಶಕ್ತಿ, ಮೈಮೇಲಿನ ಎರಡು ಕಿಲೋಗೆ ಹಿಡಿಯುವಷ್ಟೇ. ಅದೇ ನಡುವಿನ ಗುಂಬದ ತೂಕ ಹೀಗಲ್ಲ. ಅಂಚು ನಡುವಿನಿಂದ 60 ಸೆಂಟಿಮೀಟರ್ ದೂರ, ಗುಂಬದ ಮೈ 10 ಸೆಂಟಿಮೀಟರ್. ತಿರುಗುವ ಹೊರೆ ದೂರದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ಗುಂಬದ ಒಂದು ಕಿಲೋ ತಿರುಗಿಸುವ ಕಷ್ಟ ಅಂಚಿನದರ ಮೂವತ್ತಾರರಲ್ಲಿ ಒಂದು ಭಾಗ. ಆದ್ದರಿಂದ ಗುಂಬ ಮುಟ್ಟಲೇಬೇಡಿ. ಅಲ್ಲಿ ಕೊರೆದರೆ ಸಿಗುವುದು ಕಾಸಿನಷ್ಟು, ಹೋಗುವುದು ಗಾಲಿಯ ಜೀವ. (ಈ ಹೆಸರುಗಳು ಊರೂರಿಗೆ ಬೇರೆ. ನಿಮ್ಮ ಬಡಿಗೇರರು ಬೇರೆ ಹೆಸರು ಹೇಳಿದರೆ ಅವರದೇ ಸರಿ.)

ಅಂಚಿನಲ್ಲಿ ಭಾರ ಇರುವುದು ಕಬ್ಬಿಣದ ಹಳಿಯಲ್ಲಿ. ನಾಲ್ಕು ಅಡಿ ಎತ್ತರದ ಗಾಲಿಗೆ ಸುತ್ತಳತೆ 3.83 ಮೀಟರ್. ಎರಡು ಇಂಚು ಅಗಲ, 10 ಮಿಲಿಮೀಟರ್ ದಪ್ಪದ ಹಳಿ ಅಂದರೆ ಒಂದೊಂದು ಗಾಲಿಗೆ ಹತ್ತಿರ ಹತ್ತಿರ 15 ಕಿಲೋ ಕಬ್ಬಿಣ. ಅದನ್ನು 6 ಮಿಲಿಗೆ ಇಳಿಸಿದರೆ 9 ಕಿಲೋ. ಎರಡೂ ಗಾಲಿ ಸೇರಿ 12 ಕಿಲೋ ಉಳಿಯಿತು, ಹೊರಡುವ ಹೊತ್ತಿನ ಲೆಕ್ಕದಲ್ಲಿ 24. ಹಲಗೆ ಕಿತ್ತು 24 ಕಿಲೋ ತೆಗೆಯುವುದಕ್ಕೆ ಇದು ಸಮ.

ಹೊಸ ಹಳಿ ಕೂಡಿಸುವುದನ್ನು ನೋಡದವರು ಒಮ್ಮೆ ನೋಡಬೇಕು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ಒಂದಿಷ್ಟು ಚಿಕ್ಕದಾಗಿಯೇ ಬಾಗಿಸಿ ಬೆಸೆದಿರುತ್ತಾರೆ. ನೆಲದ ಮೇಲೆ ಮಲಗಿಸಿ, ಕೆಳಗೂ ಮೇಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕಬ್ಬಿಣ ಕೆಂಪಾಗುವವರೆಗೆ ಕಾಯುವುದಿಲ್ಲ. ಕಟ್ಟಿಗೆಯ ತುದಿ ತಾಗಿಸಿದರೆ ಹೊಗೆಯೆದ್ದು ಕರಿ ಗೆರೆ ಬೀಳಬೇಕು, ಅಷ್ಟೇ. ನಾನೂರು ಡಿಗ್ರಿ ಬಿಸಿ ಏರಿದರೆ ಈ ಸುತ್ತಳತೆಯ ಹಳಿ 18 ಮಿಲಿಮೀಟರ್ ಬೆಳೆಯುತ್ತದೆ. ಮೂರು ಮಂದಿ ಇಕ್ಕಳದಲ್ಲಿ ಎತ್ತಿ ಗಾಲಿಗೆ ಹಾಕಿ, ಸುತ್ತಿಗೆಯಲ್ಲಿ ತಟ್ಟಿ ಕೂಡಿಸುತ್ತಾರೆ. ಕಟ್ಟಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆಗ ಕೊಡ ಕೊಡ ನೀರು. ಹೊಗೆ, ಹಬೆ, ನಡುವೆ ಅರಗಳು ಗುಂಬದೊಳಕ್ಕೆ ಒತ್ತಿಕೊಳ್ಳುವ ಕಿರ್‌ ಕಿರ್ ಸದ್ದು. ಕುಗ್ಗಿದ ಹಳಿಯೇ ಇಡೀ ಗಾಲಿಯನ್ನು ಬಿಗಿದು ಹಿಡಿದಿರುತ್ತದೆ. ಹಳಿ ತೆಳುವಾದಷ್ಟೂ ಆ ಬಿಗಿತ ಕಡಿಮೆ. ಅದಕ್ಕೇ 6 ಮಿಲಿಗಿಂತ ಕೆಳಗೆ ಇಳಿಯಬೇಡಿ ಎನ್ನುವುದು ನನ್ನ ಮಾತು. ಎರಡು ಅರಗಳ ನಡುವೆ ಹಳಿ ತಗ್ಗು ಬಿದ್ದರೆ ಗಾಲಿ ಓಡುವುದಿಲ್ಲ, ಕುಣಿಯುತ್ತದೆ.

ಬ್ಯಾಸಿಗೆಯಲ್ಲಿ ಕಟ್ಟಿಗೆ ಒಣಗಿ ಗಾಲಿ ಸಡಿಲಾದಾಗ ಕೆರೆಗೋ ಹಳ್ಳಕ್ಕೋ ಹಾಕಿ ನೆನೆಸುವುದು ನಮ್ಮಲ್ಲಿ ರೂಢಿ. ಹೊಲದ ಕೆಲಸಕ್ಕೆ ಅದು ಸರಿ. ಶರ್ಯತ್ತಿನ ಮುಂದೆ ಮಾತ್ರ ಮಾಡಬೇಡಿ. ಒಂದು ಗಾಲಿಯಲ್ಲಿ 40 ಕಿಲೋ ಕಟ್ಟಿಗೆ ಇದ್ದು ಅದು ನೂರಕ್ಕೆ ಹತ್ತರಷ್ಟು ನೀರು ಕುಡಿಯಿತೆಂದರೆ 4 ಕಿಲೋ ಏರಿತು. ಹಳಿ ಬದಲಿಸಿ ಕಷ್ಟಪಟ್ಟು ಇಳಿಸಿದ್ದರಲ್ಲಿ ಮೂರನೆಯ ಎರಡು ಪಾಲು ನೀರಿನಲ್ಲಿ ಹೋಯಿತು. ಗಾಲಿ ಸಡಿಲಿದ್ದರೆ ಹಳಿಯನ್ನೇ ಕತ್ತರಿಸಿ ಚಿಕ್ಕದು ಮಾಡಿಸಿ ಮತ್ತೆ ಬಿಗಿಸಬೇಕು.

ಗಾಲಿಯೇ ಚಿಕ್ಕದಾದರೆ ಹೇಗೆ? ಎರಡು ಅಡಿಯ ಗಾಲಿ ಹಾಕಿದರೆ ತೂಕ ಅರ್ಧಕ್ಕೂ ಕಡಿಮೆಯಾಗುತ್ತದಲ್ಲ? ಇದು ಬಹಳ ಹಳೆಯ ಜಗಳ. 1830–40ರ ದಶಕಗಳಲ್ಲಿ ಫ್ರಾನ್ಸಿನಲ್ಲಿ ಮೊರ್‍ಯಾಂ ಮತ್ತು ದ್ಯೂಪ್ಯೂಯಿ ಎಂಬ ಇಬ್ಬರು ಎಂಜಿನಿಯರುಗಳು ಇದೇ ವಿಷಯಕ್ಕೆ ವರ್ಷಗಟ್ಟಲೆ ವಾದ ಮಾಡಿದರು. ಗಾಲಿಯ ವ್ಯಾಸ ಅರ್ಧವಾದರೆ ಎಳೆತ ಇಮ್ಮಡಿ ಆಗುತ್ತದೆ ಅಂತ ಒಬ್ಬ. ಇಲ್ಲ, ವರ್ಗಮೂಲದ ಲೆಕ್ಕ, ಒಂದೂ ಕಾಲಿನಿಂದ ಒಂದೂವರೆ ಪಟ್ಟಿನ ನಡುವೆ ಅಂತ ಇನ್ನೊಬ್ಬ. ಯಾರು ಗೆದ್ದರೂ ಚಿಕ್ಕ ಗಾಲಿ ಸೋತಿತು. ದೊಡ್ಡ ಗಾಲಿ ಮಣ್ಣಿನ ಹೆಂಟೆಯನ್ನು ಏರಿ ದಾಟುತ್ತದೆ, ಚಿಕ್ಕದು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಅಜ್ಜನ ಚಕ್ಕಡಿಯ ಎತ್ತರದ ಗಾಲಿಯನ್ನು ಬಿಡಬೇಡಿ, ಅದು ಶರ್ಯತ್ತಿಗೆ ಬಂದ ಆಸ್ತಿ. ಅಗಲದ ಮಾತೂ ಹೀಗೆಯೇ. ಸಪೂರ ಹಳಿ ಗಟ್ಟಿ ನೆಲದಲ್ಲಿ ಚೆಂದ. ಅರೆಬರೆ ಹಸಿ ಇರುವ ಯರಿಯಲ್ಲಿ ಅದು ಚಾಕುವಿನಂತೆ ಇಳಿಯುತ್ತದೆ. ಕಲಘಟಗಿ ಕಡೆಯ ಕೆಂಪು ಮಸಾರಿಗೆ ಒಂದೂವರೆ ಇಂಚು ನಡೆದೀತು, ನವಲಗುಂದದ ಯರಿಗೆ ಎರಡು ಇಂಚಿಗಿಂತ ಕಡಿಮೆ ನಾನು ಹಾಕಿಸಲಾರೆ.

ಇನ್ನು ತೊಲೆಗಳು. ಉದ್ದ ತೊಲೆಯ ತೂಕ ಇಳಿಸಬೇಕಾದರೆ ಒಂದು ನಿಯಮ ಬಾಯಿಪಾಠ ಇರಲಿ: ಅಗಲದಲ್ಲಿ ಕೆತ್ತಬಹುದು, ಎತ್ತರದಲ್ಲಿ ಕೆತ್ತಬಾರದು. ನಾಲ್ಕು ಇಂಚು ಅಗಲ, ನಾಲ್ಕು ಇಂಚು ಎತ್ತರದ ತೊಲೆಯ ಅಗಲದಲ್ಲಿ ಒಂದು ಇಂಚು ತೆಗೆದರೆ ತೂಕವೂ ಮುಕ್ಕಾಲು, ಬಲವೂ ಮುಕ್ಕಾಲು. ಅದೇ ಒಂದು ಇಂಚನ್ನು ಎತ್ತರದಲ್ಲಿ ತೆಗೆದರೆ ತೂಕ ಮುಕ್ಕಾಲು, ಬಲ ಮಾತ್ರ ಹದಿನಾರರಲ್ಲಿ ಒಂಬತ್ತು, ಅಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ತೂತು ಕೊರೆಯುವುದಿದ್ದರೆ ಪಕ್ಕದಿಂದ, ಎತ್ತರದ ನಟ್ಟನಡುವೆ. ತೊಲೆ ಬಾಗುವಾಗ ಮೇಲಂಚು ಒತ್ತುತ್ತದೆ, ಕೆಳಗಂಚು ಹಿಗ್ಗುತ್ತದೆ, ನಡುವಿನ ಕಟ್ಟಿಗೆ ಹೆಚ್ಚು ಕಡಿಮೆ ಸುಮ್ಮನೆ ಕೂತಿರುತ್ತದೆ. ನಮ್ಮ ಮನೆಯ ಹಳೆ ಚಕ್ಕಡಿಯ ತೊಲೆಯನ್ನು ನಾನೇ ಕೆಡಿಸಿದ್ದೇನೆ. ಕೆಳಗಿನಿಂದ ಕೆತ್ತಿದರೆ ಕಾಣುವುದಿಲ್ಲ ಎಂಬ ಜಾಣತನದಲ್ಲಿ ತಳದಂಚಿಗೆ ಉಳಿ ಹಾಕಿದೆ. ಮೂರನೆಯ ಓಟದ ದಿನ ಅದು ಸರಿಯಾಗಿ ಆ ಜಾಗದಲ್ಲೇ ಸೀಳಿತು. ಸಾಗವಾನಿಯ ಹಣ ದಂಡ ಬಿತ್ತು.

ತೂತು ಕೊರೆಯುವ ಹುಚ್ಚು ನಮ್ಮೊಬ್ಬರದೇ ಅಲ್ಲ ಎನ್ನುವುದು ಸಮಾಧಾನ. 1963ರಲ್ಲಿ ಪಾಂಟಿಯಾಕ್ ಕಂಪನಿ ಡ್ರ್ಯಾಗ್ ರೇಸಿಗಾಗಿ ಕಟ್ಟಿದ ಕೆಲವೇ ಕೆಲವು ಕ್ಯಾಟಲಿನಾ ಕಾರುಗಳ ಚಾಸಿಗೆ ಎಷ್ಟು ತೂತು ಕೊರೆದಿದ್ದರೆಂದರೆ ಜನ ಅವಕ್ಕೆ ‘ಸ್ವಿಸ್ ಚೀಸ್’ ಎಂದೇ ಹೆಸರಿಟ್ಟರು. ಮರುವರ್ಷ ಫೋರ್ಡ್‌ನವರು ಥಂಡರ್‌ಬೋಲ್ಟ್ ಎಂಬ ಕಾರು ತಂದರು. ಅದಕ್ಕೆ ಫೈಬರ್‌ಗ್ಲಾಸ್ ಬಾನೆಟ್ಟು, ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ಕು. ರೇಡಿಯೋ ಇಲ್ಲ, ಹೀಟರ್ ಇಲ್ಲ. ಕೆಲವರು ಕಾರಿನ ತಗಡನ್ನೇ ಆಸಿಡ್ಡಿನಲ್ಲಿ ಅದ್ದಿ ತೆಳು ಮಾಡಿದರು. ನೂರು ಪೌಂಡು, ಅಂದರೆ 45 ಕಿಲೋ ಇಳಿದರೆ ಕಾಲು ಮೈಲಿಯಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿಯುತ್ತದೆ ಎನ್ನುವುದು ಆ ಮಂದಿಯ ಬಾಯಿಲೆಕ್ಕ.

ಥಂಡರ್‌ಬೋಲ್ಟಿನವರು ಇನ್ನೊಂದು ಮಾಡಿದರು. ಬ್ಯಾಟರಿಯನ್ನು ಮುಂದಿನಿಂದ ತೆಗೆದು ಹಿಂದಿನ ಡಿಕ್ಕಿಗೆ ಇಟ್ಟರು. ಒಂದು ಗ್ರಾಮೂ ಕಡಿಮೆಯಾಗಲಿಲ್ಲ, ಆದರೆ ಕಾರನ್ನು ನೂಕುವ ಹಿಂದಿನ ಗಾಲಿಗಳ ಮೇಲೆ ಒತ್ತು ಬಿದ್ದು ಹಿಡಿತ ಹೆಚ್ಚಿತು. ಚಕ್ಕಡಿಯಲ್ಲಿ ಈ ಪಾಠ ತಿರುಗುಮುರುಗು. ನಮ್ಮಲ್ಲಿ ನೆಲ ಹಿಡಿಯುವುದು ಗಾಲಿಯಲ್ಲ, ಎತ್ತಿನ ಗೊರಸು. ಹಿಂಭಾರ ಆಯಿತೋ, ನೊಗಕ್ಕೆ ಚಾಚಿದ ಈಸು ಮೇಲೇಳುತ್ತದೆ, ನೊಗ ಹೆಗಲು ಬಿಟ್ಟು ಜತಗಿಯ ಪಟ್ಟಿ ಎತ್ತಿನ ಕೊರಳನ್ನು ಕೆಳಗಿನಿಂದ ಹಿಸುಕುತ್ತದೆ. ಉಸಿರು ಸಿಗದ ಎತ್ತು ಹೇಗೆ ಓಡೀತು? ಮುಂಭಾರ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಈ ತೂಕ ನೋಡುವುದು ಸುಲಭ. ಹೊಡೆಯುವವನನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ನೊಗದ ಜಾಗವನ್ನು ಅದೇ ಕೊಕ್ಕೆ ಕಾಟಾದಿಂದ ಎತ್ತಿ ನೋಡಿ. ಅಚ್ಚಿನಿಂದ ನೊಗಕ್ಕೆ ಹತ್ತು ಅಡಿ ಇದ್ದರೆ, 60 ಕಿಲೋದವನು ಒಂದು ಅಡಿ ಮುಂದೆ ಸರಿದರೆ ನೊಗಕ್ಕೆ 6 ಕಿಲೋ ಏರುತ್ತದೆ, ಒಂದು ಅಡಿ ಹಿಂದೆ ಸರಿದರೆ ಅಷ್ಟೇ ಇಳಿಯುತ್ತದೆ. ಹಿಂದಿನ ಹಲಗೆಗಳನ್ನೆಲ್ಲ ಕಿತ್ತ ಮೇಲೆ ಈ ತೂಕ ಪೂರಾ ಬದಲಾಗಿರುತ್ತದೆ. ಮರೆಯದೆ ಮತ್ತೆ ನೋಡಿ. ನೊಗದ ಮೇಲೆ ಹತ್ತು–ಹದಿನೈದು ಕಿಲೋ ಇದ್ದರೆ ನನಗೆ ಸಮಾಧಾನ. ಓಟದಲ್ಲಿ ಮನುಷ್ಯ ಹಿಂದಕ್ಕೆ ವಾಲುವುದು ಸಹಜ, ಅದಕ್ಕೊಂದಿಷ್ಟು ಜಮಾ ಇರಬೇಕಲ್ಲ.

ಅಚ್ಚಿನ ವಿಷಯಕ್ಕೆ ಕಂಬಾರರಿಗಿಂತ ಲೇತ್ ಯಂತ್ರದವರು ಬೇಕು. ಗಟ್ಟಿ ಸರಳಿನ ಬದಲು ಪೊಳ್ಳು ಕೊಳವೆ. 40 ಮಿಲಿಮೀಟರ್ ಗಟ್ಟಿ ಉಕ್ಕಿನ ಸರಳು ಮೀಟರಿಗೆ ಸುಮಾರು 10 ಕಿಲೋ ತೂಗುತ್ತದೆ. ಹೊರಗಿನಿಂದ 48 ಮಿಲಿ, ಗೋಡೆ 5 ಮಿಲಿ ದಪ್ಪದ ಕೊಳವೆ ತೂಗುವುದು ಮೀಟರಿಗೆ 5.3 ಕಿಲೋ. ಒಂದೇ ಜಾತಿಯ ಉಕ್ಕಾದರೆ ಬಾಗುವುದಕ್ಕೆ ಎರಡೂ ಒಂದೇ ಬಲ, ಕೊಳವೆಯದೇ ಒಂದು ಕೂದಲು ಹೆಚ್ಚು. ನಡುವಿನ ಉಕ್ಕು ಬಾಗುವಾಗ ದುಡಿಯುವುದಿಲ್ಲ ಅಂತ ತೊಲೆಗೆ ಹೇಳಿದ ಮಾತೇ ಇದು. ಆದರೆ ನೀರಿನ ಪೈಪು ತಂದು ಹಾಕುವ ಕೆಲಸ ಬೇಡ, ಬೆಸುಗೆ ಗೆರೆ ಇಲ್ಲದ ಕೊಳವೆಯೇ ಆಗಬೇಕು. ತುದಿಗೆ ಗಟ್ಟಿ ತುಂಡು ಕೂಡಿಸುವಾಗ, ಗಾಲಿ ಕೂಡುವ ಭುಜದ ಹತ್ತಿರ ವೆಲ್ಡಿಂಗ್ ಬರಬಾರದು. ಎಲ್ಲಕ್ಕಿಂತ ಹೆಚ್ಚು ಬಾಗುವ ಜಾಗ ಅದು, ವೆಲ್ಡಿಂಗ್ ಕಾವಿಗೆ ಉಕ್ಕು ಕೆಡುವುದೂ ಅಲ್ಲೇ. ಇಷ್ಟು ನಾಜೂಕಾಗಿ ಮಾಡುವವರು ಸಿಗದಿದ್ದರೆ ಹಳೆಯ ಅಚ್ಚೇ ಇರಲಿ. ಐದಾರು ಕಿಲೋಗಾಗಿ ಅಚ್ಚು ಮುರಿದುಕೊಂಡವರಿಗೆ ಯಾರೂ ಅನುಕಂಪ ತೋರಿಸುವುದಿಲ್ಲ.

ಬೇರಿಂಗ್ ಹಾಕಿಸಿದರೆ ಗಾಳಿಯಂತೆ ಓಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬೆರಳಲ್ಲಿ ನೂಕಿದರೆ ಗಾಲಿ ಐದು ನಿಮಿಷ ತಿರುಗುವುದನ್ನು ನೋಡಿ ಮರುಳಾಗುತ್ತಾರೆ. ಲೆಕ್ಕ ನೋಡಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಹಳೆಯ ಕೀಲೆಣ್ಣೆ ಹಚ್ಚಿದ ಅಚ್ಚಿನಲ್ಲಿ ತಿಕ್ಕಾಟ ಹೊರೆಯ ಹತ್ತರಲ್ಲಿ ಒಂದು ಭಾಗ ಅಂತಿಟ್ಟುಕೊಳ್ಳಿ. ಅದು ತಡೆಯುವುದು 2 ಸೆಂಟಿಮೀಟರ್ ಅಚ್ಚಿನ ಮೈಯಲ್ಲಿ, ಎತ್ತು ಎಳೆಯುವುದು 60 ಸೆಂಟಿಮೀಟರ್ ಗಾಲಿಯ ಮೂಲಕ. ಮೂವತ್ತರಲ್ಲಿ ಒಂದಾಗಿ ಇಳಿಯುತ್ತದೆ. 340 ಕಿಲೋದ ಚಕ್ಕಡಿ–ಮನುಷ್ಯರಿಗೆ ಇದು ಒಂದು ಕಿಲೋ ಎಳೆತಕ್ಕೆ ಬಂತು. ಅದೇ ಮಣ್ಣಿನ ನೆಲ ಹಿಂದಕ್ಕೆ ಎಳೆಯುವುದು ಹೊರೆಯ ನೂರಕ್ಕೆ ಎಂಟರಂತೆ ಹಿಡಿದರೂ 27 ಕಿಲೋ. ಒಂದು ಕಿಲೋಗೆ ಸಾವಿರಾರು ರೂಪಾಯಿ ಸುರಿದು, 27 ಕಿಲೋವನ್ನು ಹಾಗೇ ಬಿಡುವುದು ನನಗೆ ತಿಳಿಯದ ವ್ಯವಹಾರ. ಬೇರಿಂಗ್ ಬೇಡ ಎನ್ನುತ್ತಿಲ್ಲ, ಕೊನೆಗೆ ದುಡ್ಡು ಉಳಿದರೆ ಹಾಕಿಸಿ.

ಈ ಎಳೆತವನ್ನು ನೀವೇ ಅಳೆಯಬಹುದು. ಈಸಿಗೆ ಹಗ್ಗ ಕಟ್ಟಿ, ನಡುವೆ ಕೊಕ್ಕೆ ಕಾಟಾ ಸಿಕ್ಕಿಸಿ, ಇಬ್ಬರು ಚಕ್ಕಡಿಯನ್ನು ಒಂದೇ ಸಮ ನಡಿಗೆಯಲ್ಲಿ ಎಳೆಯಿರಿ. ಹೊರಡುವಾಗಿನ ಅಂಕಿ ಬಿಡಿ, ನಡೆಯುತ್ತಿರುವಾಗಿನದು ನೋಡಿ. ಹಗುರ ಮಾಡುವ ಮುಂಚೆ ಒಮ್ಮೆ, ಪ್ರತಿ ಬದಲಾವಣೆಯ ನಂತರ ಒಮ್ಮೆ, ಒಂದೇ ನೆಲದ ಮೇಲೆ. ಇಬ್ಬನಿ ಬಿದ್ದ ಬೆಳಗಿನ ಹೊತ್ತಿಗೂ ಮಧ್ಯಾಹ್ನದ ಒಣ ನೆಲಕ್ಕೂ ಅಂಕಿ ಎಷ್ಟು ಬೇರೆ ಬರುತ್ತದೆ ಅಂತ ಕಂಡಾಗ ಕಣ್ಣು ತೆರೆಯುತ್ತದೆ. ಯರಿ ಮಣ್ಣು ಹಸಿಯಾದರೆ ಹಳಿಗೆ ಮೆತ್ತುತ್ತದೆ. ಗಾಲಿಗೆ ಮೂರು ಕಿಲೋ ಮೆತ್ತಿದರೆ, ಅಂಚಿನ ತೂಕವಾದ್ದರಿಂದ ಅದು ಆರು. ಹಾಗಾಗಿ ಸರದಿ ಬರುವ ಮುಂಚೆ ಹಳಿ ಕೆರೆದು ಒರೆಸುವ ಒಂದು ತುಂಡು ಗೋಣಿ ಕೈಯಲ್ಲಿರಲಿ. ಬಿಟ್ಟಿ ಸಿಗುವ ಹಗುರ ಇದು.

ಹಾಗಾದರೆ ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ನಮ್ಮ ಲೆಕ್ಕದ ಚಕ್ಕಡಿಯಿಂದ ಹಲಗೆ, ಗೂಟ, ತೊಲೆ, ಅಚ್ಚು ಸೇರಿ 80 ಕಿಲೋ, ಹಳಿಯಿಂದ 12 ಕಿಲೋ ತೆಗೆದೆವು ಅನ್ನೋಣ. ಹೊರಡುವ ಹೊತ್ತಿಗೆ ಅದು ಸುಮಾರು 100 ಕಿಲೋ ಕಡಿಮೆಯಾದಂತೆ. ಗಾಲಿಗಳ ತಿರುಗುವ ಹೊರೆಯನ್ನೂ ಕೂಡಿಸಿದರೆ ಒಟ್ಟು 1200ರಲ್ಲಿ ಹನ್ನೆರಡನೆಯ ಒಂದು ಪಾಲು. ಪೂರಾ ವೇಗಕ್ಕೆ ಬರಲು 6 ಸೆಕೆಂಡು ಹಿಡಿಯುತ್ತಿದ್ದ ಜೋಡಿ ಐದೂವರೆಯಲ್ಲಿ ಬರುತ್ತದೆ. ದೂರದಲ್ಲಿ ಇದು ಎರಡೂವರೆ ಮೀಟರ್, ಎಂಟು ಅಡಿ. ಇಂಚಿನಲ್ಲಿ ಸೋಲುವ ಆಟದಲ್ಲಿ ಎಂಟು ಅಡಿ ಚಿಲ್ಲರೆಯಲ್ಲ. ಇನ್ನೂ ದೊಡ್ಡದು ಉಳಿದ ಐವತ್ತು ನಾಲ್ಕು ಸೆಕೆಂಡುಗಳಲ್ಲಿದೆ. ನೆಲದ ಎಳೆತ 27ರಿಂದ 20 ಕಿಲೋಗೆ ಇಳಿಯಿತು. ಆ ವೇಗದಲ್ಲಿ 7 ಕಿಲೋ ಎಳೆತ ಅಂದರೆ ಒಂದು ಅಶ್ವಶಕ್ತಿಗೆ ಸ್ವಲ್ಪ ಕಡಿಮೆ. ದಿನವಿಡೀ ಹೊಲದಲ್ಲಿ ಒಂದು ಜೋಡಿ ಎತ್ತು ಒಂದೇ ಸಮ ಕೊಡುವ ಶಕ್ತಿ ಹತ್ತಿರ ಹತ್ತಿರ ಅಷ್ಟೇ. ಕೊನೆಯ ಹದಿನೈದು ಸೆಕೆಂಡಿನಲ್ಲಿ ಎತ್ತು ಸೋಲುವುದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮುಟ್ಟಬಾರದವು ಮೂರು. ಕಡಾಣಿ, ನೊಗ, ಈಸು. ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಕಡಾಣಿ ಕಾಲು ಕಿಲೋ ಇರಲಿಕ್ಕಿಲ್ಲ; ಅದನ್ನು ಸಣ್ಣದು ಮಾಡಿ ಉಳಿಸುವುದು ಬೀಡಿಯ ತೂಕ. 36 ಕಿಲೋಮೀಟರ್ ವೇಗದಲ್ಲಿ ಗಾಲಿ ಕಳಚಿದರೆ ಅದು ಹೋಗುವುದು ಎರಡೂ ಬದಿಗೆ ನಿಂತ ಜನರೊಳಕ್ಕೆ. ನೊಗವನ್ನು ಸಪೂರ ಮಾಡಿದರೆ ಎತ್ತಿನ ಹೆಗಲಿನ ಮೇಲೆ ಒತ್ತುವ ಜಾಗ ಕಿರಿದಾಗಿ, ಅದೇ ಭಾರ ಚರ್ಮ ಕೊಯ್ಯುತ್ತದೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ದೇಶದ ಎತ್ತಿನ ಗಾಡಿಗಳನ್ನು ಸುಧಾರಿಸಬೇಕೆಂದು ದಶಕಗಳ ಕಾಲ ದುಡಿದರು. ಕಾರ್ಟ್‌ಮನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ಭಾರದ ಗಾಡಿ ಮತ್ತು ಒರಟು ನೊಗದಿಂದ ಎತ್ತಿನ ಕುತ್ತಿಗೆಗೆ ಆಗುವ ಗಾಯದ ಬಗ್ಗೆ ಅವರು ಹೇಳುತ್ತ ಬಂದದ್ದು ಶರ್ಯತ್ತಿನವರಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ನೊಗಕ್ಕೆ ಬೇಕಾದರೆ ಮೆತ್ತನೆ ಚರ್ಮ ಸುತ್ತಿ, ಅದರ ಅರ್ಧ ಕಿಲೋಗೆ ಅಳಬೇಡಿ. ಈಸು ಯಾಕೆ ಬೇಡ ಅನ್ನುವುದನ್ನು ನನ್ನ ಸೀಳಿದ ತೊಲೆಯೇ ಹೇಳಿದೆ. ಒಂದು ಕಡೆ ಮಾತ್ರ ಎತ್ತಿನ ಮೈಯಲ್ಲೇ ತೂಕ ನೋಡಬೇಕು, ಅದು ಗೊರಸಿನ ಲಾಳ. ಕಾಲಿನ ತುದಿಯ ತೂಕ ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕಾದ್ದು, ಬೆನ್ನಿನ ತೂಕಕ್ಕಿಂತ ಹಲವು ಪಟ್ಟು ದಣಿಸುತ್ತದೆ. ತೆಳುವಾದ, ಹೊಸ ಲಾಳ ಹೊಡೆಸಿ, ಅದೂ ಶರ್ಯತ್ತಿಗೆ ಒಂದು ವಾರ ಮುಂಚೆಯೇ.

ಕಾನೂನಿನ ಮಾತು ಚಿಕ್ಕದಾಗಿ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಎತ್ತಿನ ಓಟಗಳು ನಿಂತಿದ್ದವು. ಕರ್ನಾಟಕ 2017ರಲ್ಲಿ ಕಂಬಳ, ಎತ್ತಿನ ಓಟ, ಚಕ್ಕಡಿ ಓಟಗಳಿಗಾಗಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಎತ್ತಿಗೆ ಹಿಂಸೆ ಆಗಬಾರದು ಎಂಬ ಷರತ್ತಿನ ಮೇಲೆ ನಿಂತ ಅನುಮತಿ ಇದು. ಬಾರಕೋಲಿಗೆ ಮೊಳೆ ಕಟ್ಟಿದವರು ತಮ್ಮೊಬ್ಬರ ಬಹುಮಾನವನ್ನಲ್ಲ, ಎಲ್ಲರ ಶರ್ಯತ್ತನ್ನು ಕಳೆಯುತ್ತಾರೆ. ಚಕ್ಕಡಿ ಇಷ್ಟೇ ತೂಕ ಇರಬೇಕು, ಗಾಲಿ ಇಷ್ಟೇ ಎತ್ತರ ಇರಬೇಕು ಎಂದು ಕೆಲವು ಕಡೆ ಕಮಿಟಿಯವರ ನೇಮ ಇರಬಹುದು. ಉಳಿ ಎತ್ತುವ ಮುಂಚೆ ಹೋಗಿ ಕೇಳಿ.

ಕೊನೆಯದಾಗಿ ಆ ಹಳೆಯ ಸಾಮಾನಿನ ಬಗ್ಗೆ. ತೊಲೆ, ಅಚ್ಚು ಹಗುರ ಮಾಡುವುದಿದ್ದರೆ ಅಜ್ಜನದನ್ನು ಕೆತ್ತುವ ಬದಲು ಹೊಸದು ಮಾಡಿಸಿ ಹಾಕಿ, ಹಳೆಯದನ್ನು ಬಿಚ್ಚಿ ಇಡಿ. ತೊಟ್ಟಿಲಿಗೆ ಹೆಸರಾದ ಕಲಘಟಗಿಯಂಥ ಕಡೆಯೂ ನಾಲ್ಕು ಅಡಿ ಗಾಲಿ ಕಟ್ಟಿ ಹಳಿ ಕೂಡಿಸಬಲ್ಲ ಕೈಗಳು ಈಗ ಹುಡುಕಿದರೆ ಸಿಗುವಷ್ಟು. ಅಮೆರಿಕದಲ್ಲಿ ಅಂದು ಹಗುರ ಮಾಡಲು ಕಿತ್ತೆಸೆದ ಬಾಗಿಲು, ಬಂಪರುಗಳನ್ನು ಇಂದು ಹಳೆ ಕಾರಿನ ಅಭಿಮಾನಿಗಳು ಗುಜರಿಗಳಲ್ಲಿ ಹುಡುಕುತ್ತ ತಿರುಗುತ್ತಾರೆ. ನೀವು ಬಿಚ್ಚಿದ ಗೂಟ, ಹಲಗೆ, ಹಳೆ ಹಳಿ ಒಲೆಗೋ ಗುಜರಿಗೋ ಹೋಗದಿರಲಿ, ಅಟ್ಟದ ಮೇಲಿರಲಿ. ಯಾವುದು ಎಲ್ಲಿಯದೆಂದು ನಂಬರು ಹಾಕಿ. ಸೀಮೆಸುಣ್ಣದ ನಂಬರು ಮಳೆಗಾಲ ದಾಟುವುದಿಲ್ಲ, ಹಳಿ ಕೂಡಿಸುವ ದಿನ ಬೆಂಕಿ ಇದ್ದೇ ಇರುತ್ತದೆ, ಕಾದ ಕಬ್ಬಿಣದಿಂದಲೇ ಹಾಕಿಸಿಬಿಡಿ.